ಕಲ್ಲೊಲೆಯೋ, ಚಾಪೆಯೋ

ಮಾರ್ಚ್ ೪, ೨೦೧೧, ಶುಕ್ರವಾರ

ಅವನು ಬಂದಿದ್ದಾನಂತೆ. ಬೆಳಗಿನ ದೋಣಿಯಲ್ಲಿ ಇಳಿದು, ತಲೆ ತಗ್ಗಿಸಿಕೊಂಡು ತಾಯಿಯ ಮನೆಯ ಕಡೆ ನಡೆದನಂತೆ. ನೀರಿಗೆ ಹೋಗಿದ್ದ ಹೆಂಗಸರೆಲ್ಲ ಈ ಸುದ್ದಿ ಹೇಳಲು ನನ್ನ ಮನೆಗೆ ಓಡಿ ಬಂದರು. "ಸೊರಗಿ ಹೋಗಿದಾನೆ ಹಿಲ್ಡಾ, ನೋಡೋಕಾಗಲ್ಲ" ಎಂದಳು ಒಬ್ಬಳು. ನೋಡಲಾಗದಿದ್ದರೆ ನೋಡಬೇಡ. ಯಾರು ನಿನ್ನನ್ನು ನೋಡು ಅಂದರು?

ಅವನಿಗೆ ಎರಡು ವರ್ಷ ಜೈಲು. ನನ್ನ ಮೇವಿಸ್ ಬದುಕಿದ್ದೇ ಹತ್ತೊಂಬತ್ತು ವರ್ಷ. ಅವಳಪ್ಪ ಹೋದ ಮೇಲೆ ನನಗೆ ಉಳಿದಿದ್ದವಳು ಅವಳೊಬ್ಬಳೇ. ನರ್ಸ್ ತರಬೇತಿಗೆಂದು ಪಟ್ಟಣಕ್ಕೆ ಹೊರಟಿದ್ದಳು. ದೋಣಿಯ ಇಂಜಿನ್ ನಡೆಸುತ್ತಿದ್ದವನು ಅವನು. ಅವನೂ ಅವಳೂ ಇಬ್ಬರೇ, ಮಿಕ್ಕಿದ್ದೆಲ್ಲ ಕೊಬ್ಬರಿ ಮೂಟೆ. ಅಷ್ಟು ಹೇರಬೇಡವೋ ಎಂದು ದಡದಲ್ಲಿದ್ದವರು ಬಾಯಿ ಬಡಿದುಕೊಂಡರೂ ಕೇಳಲಿಲ್ಲ. ಅಡ್ಡ ಅಲೆಗೆ ದೋಣಿ ಮಗುಚಿತು. ಅವನು ಪೆಟ್ರೋಲ್ ಕ್ಯಾನ್ ಹಿಡಿದು ತೇಲಿಕೊಂಡು ಮಾರನೆಯ ದಿನ ಪಕ್ಕದ ದ್ವೀಪ ಸೇರಿದ. ಇವಳು ಸಿಗಲೇ ಇಲ್ಲ. "ಮಗುಚಿದ ಕೂಡಲೇ ಮುಳುಗಿಹೋದಳು" ಎಂದು ಕೋರ್ಟಿನಲ್ಲಿ ಹೇಳಿದ. ಅವರೂ ನಂಬಿದರು. ಬೀಸುವ ದೊಣ್ಣೆ ತಪ್ಪಿತು, ಇನ್ನು ಅವನಿಗೆ ಸಾವಿರ ವರ್ಷ ಆಯಸ್ಸು.

ವರಸೆಯಲ್ಲಿ ನನ್ನ ಅಕ್ಕನ ಮಗ. ಚಿಕ್ಕಮ್ಮಾ ಚಿಕ್ಕಮ್ಮಾ ಎಂದು ನನ್ನ ಅಡುಗೆಮನೆಯಲ್ಲೇ ಬೆಳೆದವನು. ಅವನ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. ಇಂಜಿನ್ನಿನವನು, ಅಷ್ಟು ಸಾಕು.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅವನು ಕುಡಿಯುವುದನ್ನು ನಾನು ಕಣ್ಣಾರೆ ನೋಡಬೇಕು.

ಮಾರ್ಚ್ ೭, ಸೋಮವಾರ

ಬೈಬಲನ್ನು ನಮ್ಮ ಭಾಷೆಗೆ ಹೊಸದಾಗಿ ತಿರುಗಿಸುವ ಕೆಲಸ ಸೈಲಾಸಣ್ಣನದು, ನನ್ನದು. ಚರ್ಚಿನ ಹಿಂದಿನ ತಗಡಿನ ಕೋಣೆಯಲ್ಲಿ ಇಡೀ ದಿನ ಒಂದೇ ಮಾತಿಗೆ ಜಗಳ. ದೇವರ ತೀರ್ಪು. ನಮ್ಮ ಭಾಷೆಯಲ್ಲಿ ಅದಕ್ಕೆ ಏನನ್ನಬೇಕು?

ಹಳೆಯ ಬೈಬಲಿನಲ್ಲಿ ಬಿರೋಟು ಎಂದಿದೆ. ನೂರು ವರ್ಷದ ಹಿಂದಿನ ಬಿಳಿ ಪಾದ್ರಿ ಹಾಕಿದ್ದು. ಬಿರೋಟು ಅಂದರೆ ಕಲ್ಲೊಲೆ: ಗುಂಡಿಯಲ್ಲಿ ಕಲ್ಲು ಕಾಯಿಸಿ, ಹಂದಿಯನ್ನೋ ಗೆಡ್ಡೆಯನ್ನೋ ಇಟ್ಟು, ಎಲೆ ಮುಚ್ಚಿ ಬೇಯಿಸುವುದು. ದೇವರು ಎಲ್ಲರಿಗೂ ಬಿರೋಟು ಮಾಡುವ ದಿನ ಬರುತ್ತದೆ ಎಂದು ಕೇಳುತ್ತಲೇ ಈ ದ್ವೀಪದಲ್ಲಿ ನಾವೆಲ್ಲ ಬೆಳೆದಿದ್ದೇವೆ. ಹೇಳಿದ ಮಾತು ಕೇಳದ ಮಕ್ಕಳಿಗೆ ಗುಂಡಿ ತೋರಿಸುತ್ತೇವೆ.

ಲೋಸಾಲಿನಿ ಅಕ್ಕ ಫಿಜಿಯಿಂದ ಬಂದವಳು. ನಾವು ತಿದ್ದಿ ಬರೆದದ್ದನ್ನು ಪರೀಕ್ಷೆ ಮಾಡುವುದು ಅವಳ ಕೆಲಸ. "ಮೂಲದಲ್ಲಿ ಇಲ್ಲಿ ಬೆಂಕಿ ಇಲ್ಲ, ಸೈಲಾಸ್ ಅವರೇ. ಬೆಂಕಿಯ ಮಾತು ಬೇರೆ ಕಡೆ ಇದೆ, ಅಲ್ಲಿ ಇಡೋಣ. ಇಲ್ಲಿ ವಿಚಾರಣೆ ಅಂತಿದೆ. ಪಾದ್ರಿಗೆ ಈ ಬಿರೋಟು ಎಲ್ಲಿ ಸಿಕ್ತು?" ಎಂದಳು.

ಸೈಲಾಸಣ್ಣ ಚರ್ಚಿನ ಹಿರಿಯ. ಬಾಯಿ ತುಂಬ ಅಡಿಕೆ ಹಾಕಿಕೊಂಡು ಹೊಟ್ಟೆ ಹಿಡಿದು ನಕ್ಕ. "ಅಯ್ಯೋ, ಅದೊಂದು ತಮಾಷೆ! ತಪ್ಪು ಮಾಡಿದವರನ್ನ ಏನ್ ಮಾಡ್ತೀರಿ ಅಂತ ಪಾದ್ರಿ ನಮ್ಮ ಮುತ್ತಜ್ಜನ್ನ ಕೇಳಿದ್ನಂತೆ. ಲಿಸೋಲೆ ಕೂರ್ತೀವಿ, ಮಾತಾಡ್ತೀವಿ, ಎಲ್ಲ ಮುಗಿದ ಮೇಲೆ ಬಿರೋಟು ಅಂದ್ನಂತೆ ಅಜ್ಜ. ಪಾದ್ರಿ ಕಿವೀಲಿ ಕೊನೇ ಮಾತು ಉಳ್ಕೊಂಡ್ತು. ಅಜ್ಜ ಹೇಳಿದ್ದು ಊಟದ ವಿಷಯ ಕಣಮ್ಮಾ!"

ಲೋಸಾಲಿನಿ ಅಕ್ಕ ನಗಲಿಲ್ಲ. ಲಿಸೋಲೆ ಅಂದರೇನು ಎಂದು ಕೇಳಿದಳು. ಸೈಲಾಸಣ್ಣ ಹೇಳಿದ. ನಡುವೆ ಚಾಪೆ ಹಾಸುತ್ತಾರೆ. ಅನ್ಯಾಯ ಆದವರು ಈ ಬದಿ, ಮಾಡಿದವರು ಆ ಬದಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಬಾಯಲ್ಲಿ ತಿರುಗಿ ಹೇಳಬೇಕು, ಆಮೇಲೆ ಅವರ ಸರದಿ. ಅನ್ಯಾಯ ಆದವರು ಚಾಪೆ ಸುತ್ತುವ ತನಕ ಏಳುವ ಹಾಗಿಲ್ಲ, ಇವತ್ತು ಮುಗಿಯದಿದ್ದರೆ ನಾಳೆ. ಮುಗಿದ ಮೇಲೆ ಅನ್ಯಾಯ ಆದವರ ಮನೆಯಲ್ಲೇ ಕಲ್ಲೊಲೆ ಹೊತ್ತಿಸಿ ಎರಡೂ ಕಡೆಯವರು ಉಣ್ಣುತ್ತಾರೆ.

"ಹಾಗಾದರೆ ತೀರ್ಪಿಗೆ ಲಿಸೋಲೆ ಅನ್ನಿ" ಎಂದಳು ಅಕ್ಕ.

"ಒಲೆ ತೆಗೆದುಬಿಟ್ರೆ ಚರ್ಚಿಗೆ ಯಾರು ಬರ್ತಾರೆ? ನಾನೂ ಬರಲ್ಲ!" ಎಂದ ಸೈಲಾಸಣ್ಣ.

ಮಾತಿನ ಕೊನೆಯ ಆಯ್ಕೆ ನಮ್ಮಿಬ್ಬರದು, ಅಕ್ಕ ಸಲಹೆ ಕೊಡಬಹುದು ಅಷ್ಟೆ. ನಾನು ಬಿರೋಟು ಎಂದೆ. ಯಾಕೆಂದು ಅಕ್ಕ ಕೇಳಿದಳು. ಹಳೇ ಮಾತು, ಜನಕ್ಕೆ ರೂಢಿ ಎಂದೆ. ಸುಳ್ಳು. ಅವನು ಪ್ರತಿ ಭಾನುವಾರ ಬೆಂಚಿನ ಮೇಲೆ ಕೂತು ಆ ಮಾತು ಕೇಳಬೇಕು, ಕೇಳಿ ಕೇಳಿ ಅವನ ಚರ್ಮ ಸುಲಿಯಬೇಕು. ಅದಕ್ಕೆ.

ಮಾರ್ಚ್ ೧೬, ಬುಧವಾರ

ಸಿಕ್ಕಿಬಿದ್ದೆ. ನಾವು ಬರೆದದ್ದನ್ನು ಇನ್ನೊಬ್ಬರು ಸಾಲು ಸಾಲಾಗಿ ಪಿಜಿನ್‌ಗೆ, ಎಲ್ಲ ದ್ವೀಪದವರಿಗೂ ತಿಳಿಯುವ ಬೆರಕೆ ಇಂಗ್ಲಿಷಿಗೆ, ತಿರುಗಿಸಿ ಅಕ್ಕನಿಗೆ ಕೊಡುವುದು ಪದ್ಧತಿ. ಅದನ್ನು ಹಿಡಿದುಕೊಂಡು ಬಂದಳು.

"ಹಿಲ್ಡಾ, ಇಲ್ಲಿ 'ನಿಧಾನವಾಗಿ' ಅಂತಿದೆ. ಎಲ್ಲಿಂದ ಬಂತು?"

"ಕಲ್ಲೊಲೆ ನಿಧಾನವಾಗಿಯೇ ಬೇಯಿಸೋದು ಅಕ್ಕ."

"ಮತ್ತೆ ಇಲ್ಲಿ 'ಮೂಳೆ ಬಿಡುವ ತನಕ'?"

ಸೈಲಾಸಣ್ಣ ಕೆಮ್ಮುವ ನೆಪದಲ್ಲಿ ಹೊರಗೆ ಹೋದ. ಒದ್ದೆ ಕೊಬ್ಬರಿ, ಯಾರಿಗೂ ಬೇಡದ ಮಾಲು! ನಗು ಬಂದರೆ ಇಲ್ಲೇ ನಗಬೇಕಿತ್ತು.

ಎರಡನ್ನೂ ಹೊಡೆದುಹಾಕಿದೆ. ಬೇಜಾರೇನಿಲ್ಲ. ಬರೆಯುವಾಗ ಸಿಕ್ಕ ಸುಖ ಸಿಕ್ಕಾಯಿತು.

ಮಾರ್ಚ್ ೨೦, ಭಾನುವಾರ

ಚರ್ಚಿನಲ್ಲಿ ಕಂಡ. ಕೊನೆಯ ಬೆಂಚು. ಅಂಗಿಯ ತೋಳು ಅವನ ಕೈಗಿಂತ ದೊಡ್ಡದು. ಮೇವಿಸ್‌ಗೆ ದೇಹವೂ ಇಲ್ಲ, ಗೋರಿಯೂ ಇಲ್ಲ. ಇವನಿಗೆ ಅಂಗಿ.

ಮಾರ್ಚ್ ೩೦, ಬುಧವಾರ

ದೇವರು ಇದ್ದಾನೆ!

ಬರೆದದ್ದನ್ನು ಹೊಸಬರೊಬ್ಬರ ಮುಂದೆ ಓದಿ "ಏನು ಕೇಳಿಸಿತು?" ಎಂದು ಕೇಳಬೇಕು. ಕರಡನ್ನು ಮೊದಲೇ ಕೇಳಿದವರು ಆಗುವುದಿಲ್ಲ. ಆದರೆ ಸೈಲಾಸಣ್ಣ ಪ್ರತಿ ಸಂಜೆ ಪ್ರಾರ್ಥನೆಯಲ್ಲಿ ನಮ್ಮ ಕರಡನ್ನೇ ಓದಿ ಓದಿ ಇಡೀ ಊರಿಗೆ ಬಾಯಿಪಾಠ ಮಾಡಿಸಿದ್ದಾನೆ. ಇನ್ನು ಯಾರಿದ್ದಾರೆ ಎಂದು ಅಕ್ಕ ಕೇಳಿದಳು.

ಸೈಲಾಸಣ್ಣ ನನ್ನ ಮುಖ ನೋಡದೆ ಹೇಳಿದ. ಹೆಸರು ಅವನ ಬಾಯಿಂದ ಬಂದದ್ದು, ನನ್ನದಲ್ಲ. "ಎರಡು ವರ್ಷ ಊರಲ್ಲಿ ಇಲ್ದೇ ಇದ್ದವನು ಒಬ್ಬನೇ. ಬಂದ ಮೇಲೂ ಸಂಜೆ ಪ್ರಾರ್ಥನೆಗೆ ಬಂದಿಲ್ಲ. ಮೊಫಾಟ್. ಆದರೆ ಅವನು ಬೇಡ ಬಿಡಿ."

"ಯಾಕೆ ಬೇಡ?" ಎಂದೆ ನಾನು. "ಬರಲಿ. ನಾನೇ ಓದ್ತೀನಿ."

"ಹಿಲ್ಡಾ, ತಂಗೀ, ಬೇಡ ಕಣೇ" ಎಂದ ಸೈಲಾಸಣ್ಣ. ಅಕ್ಕನಿಗೆ ಏನೂ ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಅವನ ಮುಖಕ್ಕೇ ಓದುತ್ತೇನೆ. ಒಂದೊಂದು ಅಕ್ಷರವನ್ನೂ ಕಾದ ಕಲ್ಲಿನ ಹಾಗೆ ಇಡುತ್ತೇನೆ.

ಏಪ್ರಿಲ್ ೫, ಮಂಗಳವಾರ

ಎಲ್ಲವನ್ನೂ ಬರೆದಿಡಬೇಕು.

ಬಂದ. ಬಾಗಿಲಲ್ಲೇ ನಿಂತ. "ಚಿಕ್ಕಮ್ಮಾ" ಎಂದ. ನಾನು ಕೂತ್ಕೋ ಎನ್ನಲಿಲ್ಲ, ಅಕ್ಕ ಹೇಳಿದಳು. ಓದಿದೆ. ಸತ್ತವರು, ಬದುಕಿರುವವರು, ದೊಡ್ಡವರು, ಸಣ್ಣವರು, ಎಲ್ಲರನ್ನೂ ದೇವರು ಎದುರಿಗೆ ತರಿಸಿ ಬಿರೋಟು ಮಾಡುತ್ತಾನೆ ಎಂಬ ಭಾಗ. ಬಿರೋಟು ಎನ್ನುವಾಗ ಅವನ ಕಣ್ಣನ್ನೇ ನೋಡಿದೆ.

"ಏನು ಕೇಳಿಸಿತು?" ಎಂದು ಕೇಳಿದೆ.

ಅವನು ಹೆದರಲಿಲ್ಲ! ಹೊರೆ ಇಳಿಸಿದವನ ಹಾಗೆ ಉಸಿರು ಬಿಟ್ಟ. "ದೇವರು ಸುಡ್ತಾನೆ. ಸರಿ ಚಿಕ್ಕಮ್ಮಾ. ಜೈಲಲ್ಲೂ ಅದನ್ನೇ ಹೇಳ್ತಿದ್ರು. ಅವನು ಸುಡ್ತಾನೆ, ನಾನು ಸುಟ್ಟುಹೋಗ್ತೀನಿ. ಅಲ್ಲಿ ನಾವಿಬ್ಬರೇ. ಅಲ್ಲಿ ಯಾರಿಗೂ ಏನೂ ಹೇಳಬೇಕಾಗಿಲ್ಲ, ಅಲ್ವಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ನಾನು ಕಾಯಿಸಿದ ಕಲ್ಲಿನ ಮೇಲೆ ಈ ಭಂಡ ಚಳಿ ಕಾಯಿಸಿಕೊಳ್ಳುತ್ತಿದ್ದಾನೆ.

ಅಕ್ಕ ಇನ್ನೊಂದು ಹಾಳೆ ಕೊಟ್ಟಳು. ಅದೇ ಭಾಗ, ಬಿರೋಟು ಇದ್ದ ಕಡೆಯಲ್ಲೆಲ್ಲ ಲಿಸೋಲೆ. ಹಲ್ಲು ಕಚ್ಚಿಕೊಂಡು ಓದಿದೆ. ದೇವರು ಚಾಪೆ ಹಾಸುತ್ತಾನೆ. ಸತ್ತವರು, ಬದುಕಿರುವವರು, ಎಲ್ಲರನ್ನೂ ಲಿಸೋಲೆಗೆ ಕೂರಿಸುತ್ತಾನೆ.

"ಏನು ಕೇಳಿಸಿತು?"

ಹಾಳೆಯನ್ನೇ ನೋಡುತ್ತ "ಎದುರಿಗೆ ಯಾರು ಕೂರ್ತಾರೆ?" ಎಂದ.

"ಯಾರಿಗೆ ಅನ್ಯಾಯ ಆಯ್ತೋ ಅವರು" ಎಂದೆ.

"ಸತ್ತಿದ್ರೂ?"

"ಕಿವಿ ಇಲ್ವಾ ನಿಂಗೆ? ಸತ್ತವರೂ ಅಂತ ಓದಿದೆನಲ್ಲ."

"ಅವಳು ಹೇಳ್ತಾಳೆ. ನಾನು ಅದನ್ನ ನನ್ನ ಬಾಯಲ್ಲಿ ತಿರುಗಿ ಹೇಳಬೇಕು." ಅವನ ತುಟಿ ಬಿಳಿಚಿಕೊಂಡಿತು. ಎದ್ದ, ಬೆಂಚು ಬಿತ್ತು, ಹೊರಗೆ ಓಡಿ ಮಾವಿನ ಮರದ ಬುಡದಲ್ಲಿ ವಾಂತಿ ಮಾಡಿಕೊಂಡ. ನಾನು ಕಿಟಕಿಯಲ್ಲಿ ನಿಂತು ಪೂರ್ತಿ ನೋಡಿದೆ.

ತಿರುಗಿ ಬಂದು "ಲಿಸೋಲೆ ಇರಲಿ. ಅದೇ ಸರಿ" ಎಂದೆ.

ಅಕ್ಕ ನನ್ನನ್ನು ತಬ್ಬಿಕೊಂಡಳು, ಪಾಪ. ಸೈಲಾಸಣ್ಣ ಮಾತ್ರ ಅಡಿಕೆ ಉಗಿದು, "ನೀನು ಒಳ್ಳೇ ಮನಸ್ಸಿಂದ ಹೇಳ್ತಿಲ್ಲ ತಂಗೀ" ಎಂದ.

"ಪಾದ್ರಿ ಮಾತ್ರ ಒಳ್ಳೇ ಕಿವಿಯಿಂದ ಕೇಳಿದ್ನಾ?" ಎಂದೆ.

ಏಪ್ರಿಲ್ ೨೪, ಈಸ್ಟರ್

ಹೊಸ ಮಾತನ್ನು ಚರ್ಚಿನಲ್ಲಿ ಓದಿದೆವು. ಗದ್ದಲವೋ ಗದ್ದಲ. ಮುದುಕರು ಕೋಪಗೊಂಡರು. "ಹಂಗಾದ್ರೆ ನಮ್ಮಪ್ಪ ಅಮ್ಮ ಇಷ್ಟು ವರ್ಷ ಹೆದರಿದ್ದೆಲ್ಲ ಒಂದು ಊಟಕ್ಕಾ?" ಎಂದು ಒಬ್ಬರು ಕೇಳಿದರು. ಒಬ್ಬಳು ವಿಧವೆ ಎದ್ದು ನಿಂತು, "ನನ್ನ ಗಂಡ ಅಲ್ಲೂ ಎದುರಿಗೆ ಬಂದು ಕೂರ್ತಾನಾ? ಬಿರೋಟೇ ವಾಸಿಯಿತ್ತು ಸೈಲಾಸಣ್ಣ" ಎಂದಾಗ ಇಡೀ ಚರ್ಚು ನಕ್ಕಿತು.

ಆದರೆ ಮಧ್ಯಾಹ್ನ ನೋಡಿದರೆ, ಮೀನಿನ ಜಾಗಕ್ಕಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಬೀಚಿನಲ್ಲಿ ಚಾಪೆ ಹಾಸಿ ಕೂತಿದ್ದಾರೆ. "ಅಲ್ಲಿ ಎಲ್ಲರ ಮುಂದೆ ಮಾನ ಕಳ್ಕೊಳೋದಕ್ಕಿಂತ ಇಲ್ಲೇ ಮುಗಿಸಿಬಿಡೋಣ ಅಂತ" ಎಂದ ದೊಡ್ಡವನು. ನೂರು ವರ್ಷ ಒಲೆ ತೋರಿಸಿದರೂ ಕೂರದಿದ್ದವರು ಒಂದು ಮಾತು ಬದಲಾಯಿಸಿದ್ದಕ್ಕೆ ಕೂತರು. ನನಗೇನು. ನಾನು ಅದಕ್ಕಾಗಿ ಬದಲಾಯಿಸಲಿಲ್ಲ.

ಇಂಜಿನ್ನಿನವನು ಊಟ ಬಿಟ್ಟಿದ್ದಾನಂತೆ. ಒಳ್ಳೆಯದಾಯಿತು.

ಮೇ ೩, ಮಂಗಳವಾರ

ಚಾಪೆ ಹಿಡಿದುಕೊಂಡು ನನ್ನ ಅಂಗಳಕ್ಕೆ ಬಂದುಬಿಟ್ಟ! ಹೊಸ ಚಾಪೆ, ಅವನ ತಾಯಿ ಹೆಣೆದದ್ದು.

"ಚಿಕ್ಕಮ್ಮಾ, ಅಲ್ಲಿ ಅವಳ ಜೊತೆ ಕೂರೋ ಮೊದಲು ಇಲ್ಲಿ ನಿನ್ನ ಜೊತೆ ಕೂರಬೇಕು. ನೀನೇ ಓದಿದ್ದು."

ನಾನು ಓದಿದ್ದು ಅವನನ್ನು ಕೂರಿಸಲು. ನಾನು ಕೂರುವುದಕ್ಕಲ್ಲ! ಚಾಪೆಯನ್ನು ಕಿತ್ತುಕೊಂಡು ಹಂದಿ ಗೂಡಿಗೆ ಎಸೆದೆ. "ಹೋಗೋ, ಹಾಳಾಗಿ ಹೋಗು, ಕಣ್ಣೆದುರಿಗೆ ನಿಲ್ಲಬೇಡ" ಎಂದೆ. ಹೋಗಲಿಲ್ಲ. ಗೂಡಿಗೆ ಇಳಿದು ಚಾಪೆ ತೆಗೆದುಕೊಂಡು, ಸಮುದ್ರದಲ್ಲಿ ತೊಳೆದು, ನನ್ನ ಬೇಲಿಯ ಮೇಲೇ ಒಣಹಾಕಿ ಹೋದ.

ಸೈಲಾಸಣ್ಣ ದಾರಿಯಲ್ಲಿ ನಿಂತು ಎಲ್ಲ ನೋಡಿದ್ದಾನೆ. "ಲಿಸೋಲೆಗೆ ಎರಡು ಬದಿ ಇರತ್ತೆ ಅಂತ ಬರೆಯುವಾಗ ನೆನಪಿರಲಿಲ್ವಾ?" ಎಂದ. ಅವನ ಬಾಯಿಗೆ ಮಣ್ಣು ಹಾಕ.

ಮೇ ೪, ಬುಧವಾರ

ಚಾಪೆ ಬೇಲಿಯ ಮೇಲೇ ಇದೆ.

ಮೇ ೬, ಶುಕ್ರವಾರ

ಇನ್ನೂ ಇದೆ. ಮಳೆ ಬಂತು. ನಾನೇಕೆ ಒಳಗೆ ತರಲಿ?

ಮೇ ೯, ಸೋಮವಾರ

ಹೋಗಿ ಕೂತೆ. ಅವನು ಬೆವರುವುದನ್ನು ಹತ್ತಿರದಿಂದ ನೋಡೋಣ ಎಂದೇ ಹೋದದ್ದು. ಬೇರೆ ಯಾವ ಆಸೆಯೂ ಇರಲಿಲ್ಲ.

ಬೆಳಗಿನ ಹೊತ್ತು, ಸಭೆಮನೆಯಲ್ಲಿ. ಚಾಪೆಯ ತಲೆಯ ಕಡೆ ಸೈಲಾಸಣ್ಣ ಕೂತ. ಇವತ್ತು ಅವನ ಬಾಯಲ್ಲಿ ಅಡಿಕೆ ಇರಲಿಲ್ಲ. ಲೋಸಾಲಿನಿ ಅಕ್ಕ ದೂರದಲ್ಲಿ, ಕಂಬದ ಹತ್ತಿರ. ಅವಳಿಗೆ ಈಗ ಎಲ್ಲ ಗೊತ್ತು. ಯಾರು ಹೇಳಿದರೋ.

ಅವನು ಮಾತು ಶುರು ಮಾಡಿದ. ಅವನು ಹೇಳಿದ ಹಾಗೆಯೇ ಬರೆಯುತ್ತೇನೆ, ಒಂದು ಮಾತೂ ಸೇರಿಸುವುದಿಲ್ಲ.

"ಅವಳು ಕೂಡಲೇ ಮುಳುಗಲಿಲ್ಲ ಚಿಕ್ಕಮ್ಮಾ. ನಾನು ಸುಳ್ಳು ಹೇಳಿದೆ. ಸಂಜೆವರೆಗೂ ಇದ್ಲು. ಕ್ಯಾನಿನ ಈ ಕಡೆ ನಾನು, ಆ ಕಡೆ ಅವಳು. ಎದುರುಬದುರು. ಬಿಸಿಲಲ್ಲಿ ನನಗೆ ಬೈತಾನೇ ಇದ್ಲು. ನೀನು ಬೈಯೋ ಹಾಗೇನೆ. ಒದ್ದೆ ಕೊಬ್ಬರಿ, ಒದ್ದೆ ಕೊಬ್ಬರಿ ಅಂತ. ನನಗೂ ನಗು ಬಂತು, ಅವಳೂ ನಕ್ಕಳು. ಬಿಸಿಲು ಇಳಿಯೋ ಹೊತ್ತಿಗೆ ಕ್ಯಾನಿನೊಳಗೆ ನೀರು ಹೋಗ್ತಾ ಬಂತು. ಇಬ್ಬರನ್ನ ಹೊರಲ್ಲ ಅಂತ ಗೊತ್ತಾಯ್ತು. ನಾನು ಅವಳ ಬೆರಳು ಬಿಡಿಸಿದೆ. ಒಂದೊಂದಾಗಿ ಬಿಡಿಸಿದೆ."

ಆ ಬೈಗುಳ ಈ ದ್ವೀಪದಲ್ಲಿ ನನ್ನದು ಮತ್ತು ನನ್ನ ಮಗಳದು. ಬೇರೆ ಯಾರೂ ಬಳಸುವುದಿಲ್ಲ. ನನ್ನ ಅಡುಗೆಮನೆಯಲ್ಲಿ ಬೆಳೆದವನಿಗೆ ಅದು ಗೊತ್ತು ನಿಜ, ಆದರೆ ತಾನೇ ಬೈಸಿಕೊಂಡದ್ದನ್ನು ಯಾರೂ ಕಟ್ಟಿ ಹೇಳುವುದಿಲ್ಲ.

ಸೈಲಾಸಣ್ಣ ನನ್ನ ಕಡೆ ತಿರುಗಿದ. "ಹಿಲ್ಡಾ, ಏನು ಕೇಳಿಸಿತು? ಹೇಳಬೇಕು ತಂಗೀ."

ಎಷ್ಟು ಜನರನ್ನು ಆ ಪ್ರಶ್ನೆ ಕೇಳಿದ್ದೇನೆ ನಾನು! ಉತ್ತರ ತಡವಾದರೆ ಪೆನ್ಸಿಲ್ ಕುಟ್ಟಿದ್ದೇನೆ. ಹೊರಗೆ ಮಕ್ಕಳು ಆಡುತ್ತಿದ್ದರು, ಯಾರೋ ಗದರಿಸಿ ಓಡಿಸಿದರು. ಅವನು ಕಾದ. ಕೊನೆಗೆ ಹೇಳಿದೆ.

"ನೀನು ನನ್ನ ಮಗಳ ಬೆರಳು ಬಿಡಿಸಿದೆ. ಒಂದೊಂದಾಗಿ."

"ಹೌದು" ಎಂದ.

"ಯಾವ ಕೈಯಿಂದ?"

ಬಲಗೈ ಚಾಪೆಯ ಮೇಲೆ ಇಟ್ಟ. ಅಂಗೈ ಮೇಲೆ ಮಾಡಿ. ಆ ಕೈ ನೋಡಿದೆ. ನನ್ನ ಸೊಂಟದಲ್ಲಿ ಗೆಡ್ಡೆ ಕೀಳುವ ಕತ್ತಿಯಿತ್ತು. ಅವನಿಗೂ ಅದು ಕಾಣಿಸುತ್ತಿತ್ತು. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಆಮೇಲೆ ನನ್ನ ಸರದಿ. "ನಿನ್ನನ್ನ ದೇವರ ಪುಸ್ತಕದೊಳಗೆ ಹಾಕಿ ಬೇಯಿಸಿದೆ. ಮೂಳೆ ಬಿಡೋ ತನಕ ಅಂತ ಬರೆದೆ. ಅವರು ಹೊಡೆದುಹಾಕಿಸಿದ್ರು. ನನ್ನ ಮನಸ್ಸಲ್ಲಿ ಹೊಡೆದುಹಾಕಿಲ್ಲ. ನೀನು ಸಾಯೋದು ಬೇಡ ನನಗೆ. ಬೇಯ್ತಾ ಇರಬೇಕು. ಏನು ಕೇಳಿಸಿತು?"

ಅವನು ಅಳುತ್ತ ಒಂದೊಂದು ಮಾತನ್ನೂ ತಿರುಗಿ ಹೇಳಿದ. ಇನ್ನೊಂದು ಸಲ ಹೇಳು ಎಂದೆ. ಹೇಳಿದ. ಮತ್ತೆ ಹೇಳು ಎಂದೆ. ಸಾಲಲಿಲ್ಲ. ಎಷ್ಟು ಹೇಳಿಸಿದರೂ ಸಾಲಲಿಲ್ಲ.

ಕೋರ್ಟಿಗೆ ಹೋಗಿ ನಿಜ ಹೇಳುತ್ತೇನೆ, ನೀನು ಹೇಳಿದ ದಿನ ಹೋಗುತ್ತೇನೆ ಎಂದ. "ನಾನು ಹೇಳಿದ ದಿನ ಹೋಗು. ನಾಳೆ ಇಲ್ಲಿ ಬಂದು ಕೂತ್ಕೋ" ಎಂದೆ.

ಚಾಪೆ ಸುತ್ತಲಿಲ್ಲ.

ಮೇ ೧೦, ಮಂಗಳವಾರ

ಕೂತೆವು. ಅವಳು ಬಿಸಿಲಲ್ಲಿ ಇನ್ನೇನು ಬೈದಳು ಎಂದು ಕೇಳಿದೆ. ಹೇಳಿದ. ನಾನು ತಿರುಗಿ ಹೇಳಿದೆ. ಅವಳ ಮಾತನ್ನು ನನ್ನ ಬಾಯಲ್ಲಿ ಹೇಳಿ ಎರಡು ವರ್ಷವಾಗಿತ್ತು.

ಚಾಪೆ ಹಾಗೇ ಇದೆ.

ಮೇ ೧೪, ಶನಿವಾರ

ಲೋಸಾಲಿನಿ ಅಕ್ಕ ಸೋಮವಾರ ಹೊರಡುತ್ತಾಳೆ. ಕರಡು ಅಚ್ಚಿಗೆ ಹೋಗುತ್ತದೆ. ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು. "ಹಿಲ್ಡಾ, ಈಗಲೂ ಬದಲಾಯಿಸಬಹುದು. ಬಿರೋಟು ಅಂತ ಹಾಕಿದ್ರೆ ಇವತ್ತು ನಾನೂ ನಿನ್ನದು ತಪ್ಪು ಅನ್ನಲ್ಲ."

ಸೈಲಾಸಣ್ಣನೂ "ನಿನ್ನಿಷ್ಟ ತಂಗೀ" ಎಂದ. ಒಲೆ ತೆಗೆದರೆ ಚರ್ಚಿಗೇ ಬರಲ್ಲ ಎಂದಿದ್ದವನು.

ಇಡೀ ಮಧ್ಯಾಹ್ನ ಹಾಳೆ ಮುಂದಿಟ್ಟುಕೊಂಡು ಕೂತಿದ್ದೆ. ನನಗೆ ಬೆಂಕಿ ಬೇಕು. ಮಾರ್ಚ್‌ನಲ್ಲಿ ಬೇಕಿದ್ದುದಕ್ಕಿಂತ ಹೆಚ್ಚು ಬೇಕು. ಆದರೆ ಅವನು ಅಲ್ಲಿ ಸುಟ್ಟುಹೋಗಿದ್ದರೆ ಈ ಮಾತೂ ಅವನ ಹೊಟ್ಟೆಯಲ್ಲೇ ಸುಟ್ಟುಹೋಗುತ್ತಿತ್ತು. ನನ್ನ ಮಗಳು ಸಂಜೆಯವರೆಗೂ ಬದುಕಿದ್ದಳು, ಬೈದಳು, ನಕ್ಕಳು ಎಂದು ನನಗೆ ಯಾರು ಹೇಳುತ್ತಿದ್ದರು? ಲಿಸೋಲೆ ಎಂದೇ ಬಿಟ್ಟೆ. ಹಾಳೆಯ ಕೆಳಗೆ ಸಹಿ ಹಾಕಿ ಕೊಟ್ಟೆ.

ಮೊಫಾಟ್ ಇವತ್ತೂ ನನಗಿಂತ ಮೊದಲೇ ಬಂದು ಕೂತಿದ್ದ. ಹೆಚ್ಚು ಮಾತಾಡಲಿಲ್ಲ. ಮೊಣಕಾಲು ನೋಯುತ್ತದೆ ಎಂದ. ಜೈಲಿನ ಸಿಮೆಂಟು ನೆಲದಿಂದ ಬಂದ ನೋವಂತೆ. ನೋಯಲಿ ಎಂದೆ. ಏಳುವಾಗ ಕೈ ಊರಲು ಕೋಲು ಕೊಟ್ಟೆ, ಇಲ್ಲವಾದರೆ ಅಲ್ಲೇ ಬಿದ್ದಿರುತ್ತಿದ್ದ.

ಚಾಪೆ ಸುತ್ತಿಲ್ಲ. ಸುತ್ತುತ್ತೇನೆಂದು ಯಾರಿಗೂ ಮಾತು ಕೊಟ್ಟಿಲ್ಲ. ಬರುವಾಗ ಹೊಳೆಯ ಕಡೆಯಿಂದ ನಾಲ್ಕು ಬುಟ್ಟಿ ಕಲ್ಲು ಹೊತ್ತು ತಂದು ಅಡುಗೆಮನೆಯೊಳಗೆ ಪೇರಿಸಿದೆ. ಸೈಲಾಸಣ್ಣ ಬೇಲಿಯಾಚೆ ನಿಂತು ನಗುತ್ತಿದ್ದ, ಒದ್ದೆ ಕೊಬ್ಬರಿ. ಮಳೆ ಬರುವ ಹಾಗಿದೆ, ನೆನೆದ ಕಲ್ಲು ಒಲೆಯಲ್ಲಿ ಸಿಡಿಯುತ್ತದೆ. ಅದಕ್ಕೇ ಒಳಗೆ ತಂದಿಟ್ಟದ್ದು, ಬೇರೇನಿಲ್ಲ.